ಎಡಗೈಯ ಸರಪಳಿ

ಹೈದರಾಬಾದಿನಲ್ಲಿ ಮನೆಗೆ ಕಂಪ್ಯೂಟರ್ ತಂದವರು ಅಕ್ಕಪಕ್ಕದವರಿಗೆಲ್ಲ ಪೇಡೆ ಹಂಚುತ್ತಿದ್ದ ಕಾಲವದು. ನಾವಾಗ ಬಾಲಾನಗರದ ಹತ್ತಿರ, ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಬ್ಲಾಕಿನ ಮೊದಲ ಕಂಪ್ಯೂಟರ್ ಬಂದದ್ದು ಮೇಲಿನ ಮನೆಯ ನೀಲಾ ಮೌಶಿಯ ಹಾಲಿಗೆ. ಮೌಶಿ ನಮಗೆ ರಕ್ತಸಂಬಂಧಿಯೇನಲ್ಲ. ಅವಳು ಧಾರವಾಡದವಳು, ನಾವು ಗದಗಿನವರು, ಪರವೂರಿನಲ್ಲಿ ಅಷ್ಟು ನಂಟು ಸಾಕಾಗಿತ್ತು. ಡಬ್ಬಿ ಬಿಚ್ಚಿದ ದಿನ ಅವಳು ಮಾನಿಟರಿನ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರು ಸಿಡಿದೀತೆಂದು ಎಲ್ಲರನ್ನೂ ಹಿಂದಕ್ಕೆ ಸರಿಸಿದ್ದು ನನಗಿನ್ನೂ ನೆನಪಿದೆ.

ಅದನ್ನು ತಂದದ್ದು ಮೌಶಿಯ ಮಗಳು ಅನಿತಕ್ಕನಿಗಾಗಿ. ಅವಳೋ ಬೆಳಗ್ಗೆಯೇ ಬಸ್ಸು ಹಿಡಿದು ದಿಲ್‌ಸುಖ್‌ನಗರದ ಕಂಪ್ಯೂಟರ್ ಕೋರ್ಸಿಗೆ ಹೋದರೆ ಸಂಜೆಯವರೆಗೂ ನಾಪತ್ತೆ. ಅಲ್ಲಿಯವರೆಗೆ ಕಂಪ್ಯೂಟರನ್ನು ಯಾರೂ ಮುಟ್ಟುವಂತಿರಲಿಲ್ಲ. ನಾವು ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿ, ಅದರ ಕಪ್ಪು ಗಾಜನ್ನು ನೋಡಿ ಬರುತ್ತಿದ್ದೆವು.

ನಮ್ಮ ಹೆಂಗಸರ ಕಣ್ಣಿಗೆ ಬೆಲೆಬಾಳುವ ವಸ್ತು ಯಾವುದೂ ಬರಿಮೈಯಲ್ಲಿ ಇರಬಾರದು. ಟಿವಿಗೆ, ರೇಡಿಯೋಗೆ, ನೀರಿನ ಹೂಜಿಗೆ, ಫ್ರಿಜ್ಜಿನ ಹಿಡಿಕೆಗೆ ಕೂಡ ದಾರದಲ್ಲಿ ಹೆಣೆದ ಕ್ರೋಶಾದ ಅಂಗಿ ಇತ್ತು. ಇನ್ನು ಕಂಪ್ಯೂಟರನ್ನು ಬಿಟ್ಟಾರೆಯೇ. ಆ ಬೇಸಿಗೆ ರಜೆಯಲ್ಲಿ ಊಟದ ನಂತರ ಎಲ್ಲರೂ ಮೌಶಿಯ ಹಾಲಿನಲ್ಲಿ ಸೇರಿ ಬಿಳಿ ದಾರದ ಮುಸುಕು ಹೆಣೆಯಲು ಕೂತರು. ಕೆಳಗಿನ ಮನೆಯ ತೆಲುಗಿನವರು ಆವಕಾಯಿ ಕಲಸುತ್ತಿದ್ದ ಘಾಟು ಕಿಟಕಿಯಿಂದ ಏರಿ ಬರುತ್ತಿತ್ತು. ಮಧ್ಯದಲ್ಲಿ ಒಂದು ಪರಾತದ ತುಂಬ ಒಗ್ಗರಣೆ ಹಾಕಿದ ಚುರುಮರಿ ಇರುತ್ತಿತ್ತು, ಎಣ್ಣೆಗೈಯಲ್ಲಿ ದಾರ ಮುಟ್ಟಿದವರಿಗೆ ಬೈಗುಳವೂ ಇರುತ್ತಿತ್ತು.

ಮುಸುಕಿನ ಅಂಚಿಗೆ ಜಾಲರಿ ಬೇಕಲ್ಲ. ಅದಕ್ಕೆ ಮೌಶಿ ಒಂದು ಕಟ್ಟಳೆ ಮಾಡಿದಳು.

“ಬ್ಲಾಕಿನ ಹುಡುಗ್ಯಾರೆಲ್ಲಾ ಒಂದೊಂದು ಮೊಳ ಸರಪಳಿ ಹಾಕ್ಕೊಂಡು ಬರ್ರಿ. ಎಲ್ಲಾರ ಕೈನೂ ಇದರಾಗ ಇರಬೇಕು. ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಹೊಚ್ಚೋಣು.”

ಕ್ರೋಶಾದಲ್ಲಿ ಸರಪಳಿ ಎಂದರೆ ಅಕ್ಷರಾಭ್ಯಾಸದ ಮೊದಲ ಅಕ್ಷರ. ಕುಣಿಕೆಯೊಳಗೆ ಕೊಕ್ಕೆಯ ಸೂಜಿ ತೂರಿಸಿ, ದಾರ ಸುತ್ತಿ, ಎಳೆದರೆ ಒಂದು ಕೊಂಡಿ. ಮತ್ತೆ ಸುತ್ತಿ ಎಳೆದರೆ ಇನ್ನೊಂದು. ಕುಂಟೆಬಿಲ್ಲೆ ಆಡಲು ಬಾರದ ಪೋರಿಯರೂ ಎರಡೇ ದಿನಕ್ಕೆ ಕಲಿತುಬಿಟ್ಟರು. ಬಾರದೆ ಉಳಿದವಳು ನಾನೊಬ್ಬಳೇ, ಯಾಕೆಂದರೆ ನಾನು ಎಡಚಿ.

ಊಟದ ಕೈಯನ್ನು ಅವ್ವ ಚಿಕ್ಕಂದಿನಲ್ಲೇ ಬಡಿದು ಬಲಕ್ಕೆ ತಿರುಗಿಸಿದ್ದಳು. ಬರೆಯುವ ಕೈ ಮಾತ್ರ ಅವಳ ಮಾತು ಕೇಳಿರಲಿಲ್ಲ. ಸೂಜಿಯನ್ನೂ ಬಲಗೈಯಲ್ಲೇ ಹಿಡಿಯಬೇಕೆಂದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ನನ್ನ ಬಲಗೈಯಲ್ಲಿ ಆ ಸೂಜಿ ಬೇರೆಯವರ ಮನೆಯ ಕೂಸಿನಂತೆ ಹಟ ಮಾಡುತ್ತಿತ್ತು. ಬಿಳಿ ದಾರ ನನ್ನ ಬೆವರಿಗೆ ಬೂದು ಬಣ್ಣಕ್ಕೆ ತಿರುಗಿತು. ಎಡಗೈಗೆ ಬದಲಿಸಿದರೆ ಅವ್ವನ ಕೈ ನೋಡಿ ಏನೂ ತಿಳಿಯುತ್ತಿರಲಿಲ್ಲ, ಎಲ್ಲವೂ ತಿರುಗಾಮುರುಗಾ.

“ನನಗ ಎಡಗೈಲೆ ಬರಂಗಿಲ್ಲ, ನಿನಗ ಹೆಂಗ ಕಲಿಸ್ಲಿ?” ಎಂದು ಅವಳು ದಾರದುಂಡೆ ಕಸಿದುಕೊಂಡಳು. ಮರುದಿನ ಎಲ್ಲರ ಮುಂದೆಯೇ, “ನೀಲಕ್ಕಾರ, ಇಕಿ ಎಡಚಿ ಅದಾಳ್ರಿ. ಇಕಿ ಕೈಲೆ ಆಗಂಗಿಲ್ಲರಿ, ಬಿಟ್ಟುಬಿಡ್ರಿ” ಎಂದಳು. ಹುಡುಗಿಯರು ಕಿಸಕ್ಕೆಂದರು. ನನಗೆ ಅಳುವಿಗಿಂತ ಸಿಟ್ಟು ಬಂತು. ಆ ಜಾಲರಿಯಲ್ಲಿ ಎಲ್ಲರದೂ ತೂಗಾಡುವಾಗ ನನ್ನದು ಇಲ್ಲದಿದ್ದರೆ ಮುಂದೆ ಆ ಮೆಟ್ಟಿಲು ಹತ್ತುವುದು ಹೇಗೆ?

ಮಾರನೆಯ ಮಧ್ಯಾಹ್ನ ಮುನಿಸಿಕೊಂಡು ಮೌಶಿಯ ಬೆನ್ನ ಹಿಂದೆ ನಿಂತಿದ್ದೆ. ಅವಳು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಿದ್ದಳು. ಮಾನಿಟರು ಅವಳ ಎಡ ಮಗ್ಗುಲಿಗಿತ್ತು. ಆರಿದ ಗಾಜಿನೊಳಗೆ ಇನ್ನೊಬ್ಬ ಮೌಶಿ ಕಂಡಳು, ಅದೇ ಸೀರೆ, ಅದೇ ಕಿಟಕಿಯ ಕಡೆ ಮುಖ, ಅದೇ ಅವಸರ. ಆದರೆ ಆ ಮೌಶಿ ಸೂಜಿ ಹಿಡಿದದ್ದು ಎಡಗೈಯಲ್ಲಿ.

ನಾನು ಬಾಗಿ ನೋಡಿದೆ. ಎಡಗೈ ಸುತ್ತಿತು, ಎಳೆಯಿತು. ಬಲಗೈಯ ತೋರುಬೆರಳ ಮೇಲೆ ದಾರ ಓಡಿತು. ನನ್ನ ಬೆರಳುಗಳು ಲಂಗದ ಮಡಿಕೆಯೊಳಗೆ ತಾವೇ ಅಲ್ಲಾಡತೊಡಗಿದವು. “ಯಾಕವಾ, ಹಿಂದ ನಿಂತಿ? ಬಂದು ಕೂಡು” ಎಂದಳು ಮೌಶಿ. “ಇಲ್ಲೇ ಛಲೋ ಐತಿ” ಎಂದೆ.

ಅಂದಿನಿಂದ ಗಾಜಿನ ಮೌಶಿಯೇ ನನ್ನ ಗುರು. ಅಲ್ಲಿ ನೋಡಿದ್ದನ್ನು ತಾರಸಿಯ ಮೆಟ್ಟಿಲ ಮೇಲೆ ಕೂತು ಕೈಗಿಳಿಸುತ್ತಿದ್ದೆ. ಮೊದಲ ಕೊಂಡಿಗಳು ಎಷ್ಟು ಬಿಗಿಯೆಂದರೆ ಸೂಜಿ ಒಳಗೆ ಹೋಗಲು ಅಪ್ಪಣೆ ಬೇಡುತ್ತಿತ್ತು. ಆಮೇಲೆ ಇಲಿ ನುಸುಳುವಷ್ಟು ಸಡಿಲ. ಸುತ್ತು, ಎಳೆ. ಸುತ್ತು, ಎಳೆ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೈ ಹಗುರಾಯಿತು. ಜೋಳದ ಕಾಳಿನಷ್ಟು ಕೊಂಡಿಗಳು ಒಂದರ ಹಿಂದೊಂದು ಬಂದವು, ನಾನು ಬಾಯಲ್ಲಿ ಹೇಳಿಕೊಳ್ಳುವುದನ್ನೂ ಮರೆತಿದ್ದೆ. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಶುಕ್ರವಾರ ಹುಡುಗಿಯರೆಲ್ಲ ತಮ್ಮ ಸರಪಳಿ ಮೌಶಿಯ ಉಡಿಗೆ ಹಾಕಿದರು. ನಾನೂ ಜೇಬಿನಿಂದ ನನ್ನದನ್ನು ತೆಗೆದೆ. ಅದನ್ನು ನಡುದಾರಿಯಲ್ಲೇ ಅವ್ವನ ಕೈ ಹಿಡಿಯಿತು.

“ಯಾರು ಹಾಕಿಕೊಟ್ರು?”

“ನಾನ ಹಾಕೀನಿ.”

“ಸುಳ್ಳ ಹೇಳಬ್ಯಾಡ.”

ಕ್ರೋಶಾ ಬಲ್ಲವರಿಗೆ ಗೊತ್ತು, ಕೊನೆಯ ಕೊಂಡಿಗೆ ಗಂಟು ಬೀಳುವವರೆಗೂ ಹೆಣಿಗೆಗೆ ಭರವಸೆಯಿಲ್ಲ. ಅವ್ವ ದಾರದ ತುದಿ ಹಿಡಿದು ಎಳೆದಳು. ಇಡೀ ಮೊಳ ಸರ್ರನೆ ಬಿಚ್ಚಿ ಅವಳ ಕಾಲಬಳಿ ಗುಂಗುರು ದಾರವಾಗಿ ಬಿತ್ತು. ಚುರುಮರಿ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

“ಈಗ ಹಾಕು. ನನ್ನ ಮುಂದ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಎಡಗೈಯಲ್ಲಿ ಸೂಜಿ ಹಿಡಿದೆ. ಗಾಜಿನ ಕಡೆ ಒಮ್ಮೆಯೂ ತಿರುಗಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ. ಮೊದಲ ಕುಣಿಕೆ ಜಾರಿತು. ಎರಡನೆಯದು ನಿಂತಿತು. ಆಮೇಲೆ ಕೈ ಓಡಿತು ನೋಡಿ, ಎಲ್ಲರೆದುರು ಓಡಿತು. ಇಡೀ ಮೊಳ ಮತ್ತೆ ಹಾಕಿ, ಕೊನೆಗೆ ಗಂಟು ಬಿಗಿದು, ಎದ್ದು ಅವ್ವನ ಅಂಗೈಯಲ್ಲಿ ಇಟ್ಟೆ. ಇನ್ನು ಎಳೆದುಕೋ ಎನ್ನುವಂತೆ.

ಅವಳು ಎಳೆದೂ ನೋಡಿದಳು. ಬಿಚ್ಚಿಕೊಳ್ಳಲಿಲ್ಲ.

ಮೌಶಿ ಅದನ್ನು ಬೆಳಕಿಗೆ ಹಿಡಿದು, ಅವ್ವನ ಕಡೆ ತಿರುಗಿ, “ಸರೋಜಾ, ನಿನಗಿಂತ ಸಾಫ್ ಬಂದೈತಲ್ಲ” ಎಂದಳು. ಹಾಲಿಗೆ ಹಾಲೇ ನಕ್ಕಿತು. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ನಾನು ಮಾನಿಟರಿನ ಕಡೆ ಬೆರಳು ಮಾಡಿದೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು, ಗಾಜಿನ ಪಕ್ಕ ಕೂತು ಕೈಯಾಡಿಸಿ ನೋಡಿದರು. ಬೇರೆಯವರು ಲಕ್ಷ ಕೊಟ್ಟು ಕಲಿಯುವ ಕಂಪ್ಯೂಟರು ಈ ಹುಡುಗಿಗೆ ಆರಿಸಿಟ್ಟಾಗಲೇ ವಿದ್ಯೆ ಕಲಿಸಿತೆಂದು ಮೌಶಿ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು. ನನ್ನ ಸರಪಳಿ ಮುಂದಿನ ಅಂಚಿನ ನಟ್ಟನಡುವೆ ತೂಗಿತು.

ಆ ಸಂಜೆ ಅವ್ವ ಮಣೆ ತಂದು ನನ್ನ ಪಕ್ಕದಲ್ಲಿ ಹಾಕಿಕೊಳ್ಳಲಿಲ್ಲ, ಎದುರಿಗೆ ಹಾಕಿಕೊಂಡಳು.

“ಗಾಜು ಯಾಕ ಬೇಕು? ನಾನ ಎದುರ ಕೂಡ್ತೀನಿ. ನನ್ನ ಬಲಗೈ ಕಡೆ ನಿನ್ನ ಎಡಗೈ ಬರತೈತಿ, ಹಂಗ ನೋಡ್ಕೊಂತ ಹಾಕು. ಈಗ ಕಂಬ ಕಲಿ.”

ಕಂಬ ಎಂದರೆ ಸರಪಳಿಯ ಮೇಲೆ ನಿಲ್ಲಿಸುವ ಹೊಲಿಗೆ. ಅವತ್ತು ಕಲಿತೆ. ಮುಂದೆ ಮನೆಗೆ ಬಂದವರಿಗೆಲ್ಲ ಅವ್ವ ನಾನು ಹೆಣೆದ ಬಾಗಿಲ ತೋರಣ ತೋರಿಸಿ, “ನಮ್ಮ ಎಡಚಿ ಹಾಕ್ಯಾಳ್ರಿ” ಎನ್ನುತ್ತಿದ್ದಳು. ಅದೇ ಬಾಯಿ, ಅದೇ ಮಾತು, ಆದರೆ ನನಗೆ ಕೇಳಿಸುತ್ತಿದ್ದುದು ಬಿರುದು.

ಈಗ ನಾನು ಕೊಂಡಾಪುರದಲ್ಲಿದ್ದೇನೆ. ಆ ಬ್ಲಾಕು ಖಾಲಿಯಾಗಿದೆ, ಮೌಶಿಯ ಮನೆಯವರು ಯಾವ ಕಡೆ ಹೋದರೋ ತಿಳಿಯದು. ಎಡಗೈಯವರಿಗೆಂದೇ ಕ್ರೋಶಾ ಕಲಿಸುವ ವಿಡಿಯೋಗಳು ಬೇಕಾದಷ್ಟಿವೆ, ನಾನೂ ನೋಡುತ್ತೇನೆ. ಹೆಣೆದದ್ದರ ಫೋಟೋ ಹಾಕಿದರೆ ಸಂಜೆಯೊಳಗೆ ಹೊಗಳಿಕೆ ರಾಶಿ ಬೀಳುತ್ತದೆ. ಅವರೆಲ್ಲ ಒಳ್ಳೆಯವರು, ನೋಡಿದೊಡನೆ ನಂಬಿಬಿಡುತ್ತಾರೆ. ನಂಬದೆ ಬಿಚ್ಚಿ ಹಾಕಿ, ನಾನು ಮತ್ತೆ ಹಾಕಿದಾಗ ತಾನು ಸೋತು, ಸೋತದ್ದಕ್ಕೆ ಹಿಗ್ಗುತ್ತಿದ್ದವಳು ಅವ್ವ ಒಬ್ಬಳೇ. ಅವಳು ತೀರಿಹೋದ ಮೇಲೆ ನಾನು ಏನೇನೋ ಮಾಡಿ ಮುಗಿಸಿದ್ದೇನೆ, ಗೆದ್ದೆ ಎಂದು ಮಾತ್ರ ಅನಿಸಿಲ್ಲ.