ಕೈಗೆ ಕೊಟ್ಟ ಚಾಕು

ಅತ್ತೆಯ ಸೀರೆ ಎಡಸೊಂಟದ ಹತ್ತಿರ ಯಾವಾಗಲೂ ಸ್ವಲ್ಪ ಉಬ್ಬಿರುತ್ತಿತ್ತು. ನೋಡಿದವರು ಎಲೆಅಡಿಕೆ ಚೀಲ ಅಂದುಕೊಳ್ಳುತ್ತಿದ್ದರು. ಅದು ಚಾಕು. ಚರ್ಮದ ಒರೆಯಲ್ಲಿ ಕೂತ, ಮರದ ಹಿಡಿಯ, ಗೇಣುದ್ದದ ಚಾಕು. ಹಿಡಿ ಸವೆದು ಅವರ ಹೆಬ್ಬೆರಳು ಕೂರುವ ಜಾಗದಲ್ಲಿ ತಗ್ಗು ಬಿದ್ದಿತ್ತು. ಮದುವೆ ಮನೆಗೂ ಅದನ್ನು ಸಿಕ್ಕಿಸಿಕೊಂಡೇ ಬರುವರು. ಒಮ್ಮೆ ಛತ್ರದಲ್ಲಿ ಹಾರದ ದಾರ ಕತ್ತರಿಸಲು ಪುರೋಹಿತರು ಕತ್ತರಿ ಹುಡುಕುತ್ತಿದ್ದಾಗ ಅತ್ತೆ ಸೊಂಟದಿಂದ ಚಾಕು ತೆಗೆದದ್ದು ನೋಡಿ ಗಂಡಿನ ಕಡೆಯವರು ಹಿಂದೆ ಸರಿದಿದ್ದರು.

ಅವರು ನನ್ನ ತಂದೆಯ ಅಕ್ಕ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ ಅವರೂ, ಕರಿಯ ಎಂಬ ನಾಯಿಯೂ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಪ್ರತಿ ಭಾನುವಾರ ನಮ್ಮಂಥ ಹತ್ತಾರು ಜನರನ್ನು ಕಟ್ಟಿಕೊಂಡು ಊರಾಚೆಯ ಕುರುಚಲು ಕಾಡು, ಗುಡ್ಡಗಳ ಕಡೆಗೆ ನಡೆಸುತ್ತಿದ್ದರು. ನಾನು ಸರಸ್ವತಿಪುರಂನಿಂದ ಮೊದಲ ಬಸ್ಸು ಹಿಡಿದು ಸೇರಿಕೊಳ್ಳುತ್ತಿದ್ದೆ. ಅತ್ತೆಯ ಮೇಲಿನ ಪ್ರೀತಿಯಿಂದ ಮಾತ್ರ ಇದನ್ನು ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ. ಒಬ್ಬ ಮನುಷ್ಯನ ಮೇಲೆ ನನಗೆ ಹೊಟ್ಟೆಯಲ್ಲಿ ಬೆಂಕಿಯಿದೆ, ಅದು ಇನ್ನೂ ಆರಿಲ್ಲ. ಅವನೂ ಈ ಬರಹದಲ್ಲಿ ಬರುತ್ತಾನೆ. ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಅತ್ತೆ ಮಾತ್ರ ಕೊನೆಯವರೆಗೂ ‘ಅವರು’ ಎಂದೇ ಅಂದರು.

ಗುಂಪಿನಲ್ಲಿ ಎಲ್ಲರೂ ಒಂದೊಂದು ಚಾಕು ತರಬೇಕೆಂಬುದು ಅತ್ತೆಯ ನಿಯಮ. ಹಣ್ಣು ಹೆಚ್ಚಲು, ಕಾಲಿಗೆ ಸುತ್ತಿಕೊಂಡ ಬಳ್ಳಿ ಕುಯ್ಯಲು, ಚೀಲದ ಹಗ್ಗ ಗಂಟು ಬಿದ್ದರೆ ಕತ್ತರಿಸಲು. ಪ್ರಾಣಿ ಬಂದರೆ ಇರಲಿ ಎಂದು ಚಾಕು ತರುವವರು ಮನೆಯಲ್ಲೇ ಇರಿ, ನಿಮ್ಮ ದೆಸೆಯಿಂದ ಪ್ರಾಣಿಗೂ ತೊಂದರೆ ನಮಗೂ ತೊಂದರೆ ಎನ್ನುತ್ತಿದ್ದರು. ಯಾರಾದರೂ ಚಾಕು ಕೇಳಿದರೆ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೋ ಬಂಡೆಯ ಮೇಲೋ ಇಡುವರು, ಕೇಳಿದವರು ಎತ್ತಿಕೊಳ್ಳಬೇಕು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೇಳುತ್ತಾರಲ್ಲ, ಹಾಗೆ. ವಿಜ್ಞಾನ ಕಲಿಸಿದವರು ನೀವೂ ಇದನ್ನು ನಂಬುತ್ತೀರಾ ಎಂದು ನಾನು ಒಮ್ಮೆ ಕೆಣಕಿದ್ದೆ.

“ಜಗಳ ಆಗುತ್ತೋ ಬುಡುತ್ತೋ ನಾ ಕಾಣೆ ಕಣೇ. ಕೆಳಗಿಟ್ರೆ ಯಾರ ಬೆರಳೂ ಕುಯ್ಯಲ್ಲ, ಅದನ್ನ ಕಂಡಿದೀನಿ” ಅಂದರು.

ಕಂಡದ್ದು, ಅಂದುಕೊಂಡದ್ದು. ಅತ್ತೆಯ ಪ್ರಪಂಚದಲ್ಲಿ ಇದ್ದದ್ದು ಈ ಎರಡೇ ಡಬ್ಬಿ. ಈಚಿನ ವರ್ಷಗಳಲ್ಲಿ ಮೈಸೂರಿನ ಹೊಸ ಬಡಾವಣೆಗಳಲ್ಲಿ ಚಿರತೆ ಕಂಡಿತು ಎಂಬ ಸುದ್ದಿ ವಾರಕ್ಕೊಮ್ಮೆಯಾದರೂ ಮೊಬೈಲಿಗೆ ಬರುತ್ತದೆ. ಅದರಲ್ಲಿ ಕೆಲವು ನಿಜ, ಹಲವು ಕಾಡುಬೆಕ್ಕು, ಮಿಕ್ಕಿದ್ದು ಬೀದಿ ನಾಯಿ. ಯಾರೇ ಬಂದು ಹೇಳಲಿ, ಅತ್ತೆ ನಗುತ್ತಿರಲಿಲ್ಲ, ತಳ್ಳಿಯೂ ಹಾಕುತ್ತಿರಲಿಲ್ಲ. “ಕಂಡಿದ್ದೆಷ್ಟು, ಅಂದ್ಕೊಂಡಿದ್ದೆಷ್ಟು?” ಎಂದು ಕೇಳುವರು. ಎಲ್ಲಿ ನಿಂತಿದ್ದಿರಿ, ಬಿಸಿಲು ಯಾವ ಕಡೆಯಿತ್ತು, ಪ್ರಾಣಿಯ ಪಕ್ಕದಲ್ಲಿ ಏನಿತ್ತು ಎಂದು ವಿಚಾರಿಸುವರು. ಆಮೇಲೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ ತಾವೇ ಕತ್ತರಿಸಿ ಬಣ್ಣ ಬಳಿದಿದ್ದ ನಿಜವಾದ ಅಳತೆಯ ಚಿರತೆಯನ್ನು ಹೊತ್ತುಕೊಂಡು ಅದೇ ಜಾಗಕ್ಕೆ ಹೋಗಿ, ಅದನ್ನು ಅಲ್ಲಿ ನಿಲ್ಲಿಸಿ, ಕಂಡವರನ್ನು ಅವರು ಮೊದಲು ನಿಂತಿದ್ದ ಕಡೆಯೇ ನಿಲ್ಲಿಸಿ, ಇಷ್ಟಿತ್ತಾ ನೋಡಿ ಎನ್ನುವರು. ಸಿಟಿ ಬಸ್ಸಿನ ಕಂಡಕ್ಟರೊಬ್ಬ ಆ ರಟ್ಟಿನ ಚಿರತೆಗೆ ಅರ್ಧ ಟಿಕೆಟ್ಟಾ ಪೂರ್ತಿ ಟಿಕೆಟ್ಟಾ ಎಂದು ಕೇಳಿದ್ದ. ಇದು ಕಚ್ಚಲ್ಲ, ಕೂರೋದೂ ಇಲ್ಲ, ಬಿಡಪ್ಪ ಎಂದಿದ್ದರು.

ಅವರಿಗೂ ಒಮ್ಮೆ ಗುರುತು ಹತ್ತದ ಪ್ರಾಣಿಯೊಂದು ಕಂಡಿತ್ತು. ಗುಡ್ಡದ ಮಗ್ಗುಲಿನ ಹಳ್ಳ ದಾಟುತ್ತಿತ್ತಂತೆ. ಕೆಂದು ಬಣ್ಣ, ಮೈಗಿಂತ ಉದ್ದ ಬಾಲ, ನಡಿಗೆ ಬೆಕ್ಕಿನದಲ್ಲ, ನಾಯಿಯದೂ ಅಲ್ಲ. ಏನಿರಬಹುದು ಎಂದು ನಾವೆಲ್ಲ ಎಷ್ಟು ಪೀಡಿಸಿದರೂ ಗೊತ್ತಿಲ್ಲ ಎಂದಷ್ಟೇ ಹೇಳಿದರು. ಗೊತ್ತಿಲ್ಲ ಎನ್ನುವಾಗ ಅವರ ಮುಖದಲ್ಲಿ ಬಹುಮಾನ ಬಂದವರ ಕಳೆ ಇರುತ್ತಿತ್ತು.

ಈಗ ಆ ಮನುಷ್ಯ. ದಟ್ಟಗಳ್ಳಿ ಕಡೆಯ ಕಂಟ್ರಾಕ್ಟರು, ನಮ್ಮ ಭಾನುವಾರದ ಗುಂಪಿನವನೇ. ಬೇಟೆಗೆ ಹೊರಟವನ ಹಾಗೆ ಹಸಿರು ಜಾಕೀಟು, ಮೊಣಕೈಯುದ್ದದ ವಿದೇಶಿ ಚಾಕು ಬೆಲ್ಟಿನಲ್ಲಿ. ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಮನೆ ಬಿಡುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಉಪ್ಪನ್ನೂ ಕೈಯಿಂದ ಕೈಗೆ ಇಸಿದುಕೊಳ್ಳುತ್ತಿರಲಿಲ್ಲ. ಒಂದು ಭಾನುವಾರ ನಡಿಗೆಯಲ್ಲಿ ಹಿಂದೆ ಬಿದ್ದವನು ಏದುಸಿರು ಬಿಡುತ್ತ ಓಡಿ ಬಂದ.

“ಕರಿಚಿರತೆ ಕಣ್ರೀ. ಎಮ್ಮೆಕರು ಗಾತ್ರ ಇತ್ತು. ನನ್ನೇ ನೋಡ್ತು. ಚಾಕು ತೆಗೆದೆ ನೋಡಿ, ಹಾರ್ಬುಡ್ತು” ಅಂದ.

ಮೊಬೈಲಿನಲ್ಲಿ ಫೋಟೋ ಕೂಡ ಇತ್ತು. ಮಸುಕಾಗಿ, ಒಂದು ಗಡಿಕಲ್ಲಿನ ಪಕ್ಕ ಕಪ್ಪಗೆ ಏನೋ. ಮಧ್ಯಾಹ್ನದೊಳಗೆ ಅದು ಅರ್ಧ ಮೈಸೂರು ಸುತ್ತಿತು. ಆ ಕಾಡಂಚಿನ ಹಳ್ಳಿಯವರು ದನ ಬಿಡುವುದನ್ನು ನಿಲ್ಲಿಸಿದರು, ಹೆಂಗಸರು ಸೌದೆಗೆ ಹೋಗುವುದನ್ನು ಬಿಟ್ಟರು. ಚಾಕು ಹಿಡಿದು ಕರಿಚಿರತೆಯನ್ನು ಓಡಿಸಿದ ಧೀರನಿಗೆ ಯಾರೋ ಶಾಲು ಹೊದಿಸಿದರು. ಅತ್ತೆ ಮುಂದಿನ ಭಾನುವಾರ ಚಿರತೆ ಹೊತ್ತುಕೊಂಡು ಬಂದರು.

ಹಳ್ಳಿಯವರೂ ಸೇರಿದ್ದರು. ಅತ್ತೆ ಅವನನ್ನು ಅವನು ಫೋಟೋ ತೆಗೆದ ಜಾಗದಲ್ಲೇ ನಿಲ್ಲಿಸಿ ರಟ್ಟಿನ ಚಿರತೆಯನ್ನು ಗಡಿಕಲ್ಲಿಗೆ ಒರಗಿಸಿದರು. ಚಿರತೆಯ ಬೆನ್ನು ಕಲ್ಲಿಗಿಂತ ಒಂದು ಗೇಣು ಮೇಲೆ ಬಂತು. ಫೋಟೋದಲ್ಲಿದ್ದ ಬೆನ್ನು ಕಲ್ಲಿನ ತುದಿಯನ್ನೂ ಮುಟ್ಟಿರಲಿಲ್ಲ. ಎಲ್ಲರೂ ಮೊಬೈಲನ್ನೂ ಕಲ್ಲನ್ನೂ ನೋಡುತ್ತಿರುವಾಗ, ಯಾರೂ ಕರೆಯದೆ ಕರಿಯ ಹೋಗಿ ರಟ್ಟಿನ ಚಿರತೆಯನ್ನು ಮೂಸಿ, ಅದೇ ಕಲ್ಲಿನ ಪಕ್ಕ ನಿಂತು ನಮ್ಮ ಕಡೆ ತಿರುಗಿದ. ಫೋಟೋದಲ್ಲಿದ್ದ ಅದೇ ಎತ್ತರ, ಅದೇ ಮಡಿಚಿದ ಎಡಕಿವಿ. ಹಿಂದಿನ ಭಾನುವಾರ ಕರಿಯನೂ ಹಿಂದೆ ಉಳಿದು ತಡವಾಗಿ ಬಂದಿದ್ದ ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಹಳ್ಳಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ನಗಲಿಲ್ಲ. “ನೀವು ಹೆದರಿದ್ದು ನಿಜ ಸ್ವಾಮಿ. ಪ್ರಾಣಿ ಮಾತ್ರ ಬೇರೆ” ಅಂದರು. ಸಮಾಧಾನ ಮಾಡಲು ಅಂದ ಮಾತು. ಅವನಿಗೆ ನಗುವಿಗಿಂತ ಆ ಮಾತೇ ಚುಚ್ಚಿರಬೇಕು. ರಟ್ಟಿನ ಚಿರತೆಯನ್ನು ಮಡಿಚಲು ಅತ್ತೆಗೆ ನೆರವಾಗುತ್ತಿದ್ದ ನಾನು ಅವನ ಮುಖ ನೋಡಿದೆ. ಅವನು ಅತ್ತೆಯನ್ನು ನೋಡುತ್ತಿರಲಿಲ್ಲ, ಕರಿಯನನ್ನು ನೋಡುತ್ತಿದ್ದ.

ಅದಾದ ಕೆಲವೇ ದಿನಕ್ಕೆ, ಬೆಳಿಗ್ಗೆ ಅತ್ತೆ ಹಾಲು ತರಲು ಬಾಗಿಲು ತೆಗೆದಾಗ ಕರಿಯ ಗೇಟಿನ ಒಳಗೆ ಬಿದ್ದಿದ್ದ. ಬಾಯಲ್ಲಿ ನೊರೆ, ಪಕ್ಕದಲ್ಲಿ ತಿಂದು ಉಳಿದ ಮಾಂಸದ ಚೂರು. ವಿಷ ಎಂದರು ದನದ ಡಾಕ್ಟರು. ನಾನು ಹೋಗುವ ಹೊತ್ತಿಗೆ ಅತ್ತೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕುತ್ತಿಗೆ ಊದಿ ಬೆಲ್ಟು ಬಿಚ್ಚಲು ಬರುತ್ತಿರಲಿಲ್ಲ. ಸೊಂಟದಿಂದ ಚಾಕು ತೆಗೆದು, ಚರ್ಮಕ್ಕೆ ತಾಗದ ಹಾಗೆ ಬೆರಳು ಅಡ್ಡ ಹಿಡಿದು, ಬೆಲ್ಟು ಕತ್ತರಿಸಿದರು. ಸತ್ತ ನಾಯಿಗೆ ಎಲ್ಲಿ ನೋವಾಗುತ್ತದೋ ಎಂಬ ಹಾಗೆ.

ನಾನು ಕುದಿಯುತ್ತಿದ್ದೆ. ಆ ಮನುಷ್ಯನೇ ಮಾಡಿಸಿದ್ದು, ಪೊಲೀಸರಿಗೆ ಹೇಳೋಣ, ಆಗದಿದ್ದರೆ ಅವನ ಮನೆ ಮುಂದೆ ನಿಂತು ಮಾನ ತೆಗೆಯೋಣ ಎಂದೆ.

“ನೀನು ಕಂಡ್ಯಾ?” ಅಂದರು ಅತ್ತೆ.

“ಕಾಣ್ಬೇಕಾ ಅತ್ತೆ? ಇನ್ಯಾರು ಮಾಡ್ತಾರೆ?”

“ಕಾಣದ್ದನ್ನ ಕಂಡೆ ಅಂದ್ರೆ ಅವರಿಗೂ ನಮಗೂ ಏನೇ ವ್ಯತ್ಯಾಸ?”

ಅಷ್ಟು ಹೇಳಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆಯೂ ಭಾನುವಾರಗಳು ನಡೆದವು, ಅವನೂ ನಾಚಿಕೆಯಿಲ್ಲದೆ ಬರುತ್ತಿದ್ದ. ತನ್ನ ಉದ್ದದ ಚಾಕಿನಲ್ಲಿ ಹಣ್ಣು ಹೆಚ್ಚಲು ಬಾರದೆ ಅವನು ಚಾಕು ಕೇಳಿದರೆ ಅತ್ತೆ ಎಂದಿನಂತೆ ಬಂಡೆಯ ಮೇಲೆ ಇಡುತ್ತಿದ್ದರು. ಒಂದು ಸಂಜೆ ಮಾತ್ರ ಕಾಫಿ ಕುಡಿಯುತ್ತ, ನನ್ನ ಮುಖ ನೋಡದೆ, “ಒಂದೇ ಒಂದು ಸಲ ಅವರ ಕೈಗೇ ಕೊಡ್ಬೇಕು ಅನ್ನಿಸುತ್ತೆ ಕಣೇ. ನನ್ನ ಕೈಲಿ ಆಗಲ್ಲ” ಅಂದರು. ನನ್ನ ಕೈಲಿ ಆಗುತ್ತದೆ ಎಂದು ನಾನು ಆಗಲೇ ಮನಸ್ಸಿನಲ್ಲಿ ಅಂದುಕೊಂಡೆ.

ಮರುವರ್ಷ ಅತ್ತೆ ಹೋದರು. ಎದೆನೋವು ಎಂದು ಒರಗಿದವರು ಏಳಲಿಲ್ಲ. ಸೊಂಟದಿಂದ ಚಾಕು ತೆಗೆದವಳು ನಾನೇ.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಗುಂಪಿನವರು ಒಬ್ಬೊಬ್ಬರಾಗಿ ನೆನಪು ಹೇಳಿದರು. ಅವನು ಎದ್ದು ನಿಂತ. ಕಣ್ಣು ಒರೆಸಿಕೊಂಡ. ಮೇಡಂ ಅವರಿಗೂ ಕಾಡಿನಲ್ಲಿ ಗುರುತು ಸಿಗದ ಪ್ರಾಣಿ ಕಂಡಿತ್ತು, ಅದು ತಾನು ಕಂಡ ಕರಿಚಿರತೆಯೇ, ಕೊನೆಕೊನೆಗೆ ತನ್ನ ಹತ್ತಿರ ಅದನ್ನು ಒಪ್ಪಿಕೊಂಡಿದ್ದರು ಎಂದ. ಕೆಂದು ಬಣ್ಣದ ಪ್ರಾಣಿಯನ್ನು ಕಪ್ಪು ಮಾಡಿದ. ಅತ್ತೆ ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಆ ‘ಗೊತ್ತಿಲ್ಲ’ವನ್ನು ಅವರು ಹೋದ ಮೇಲೆ ಹೌದು ಮಾಡಿಬಿಟ್ಟ. ನಾಯಿ ಹೋಗಿತ್ತು, ಈಗ ಮಾತೂ ಹೋಯಿತು. ಎದ್ದು ಅದು ಸುಳ್ಳು ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ ಬಂತು ಧ್ವನಿ. ಅವನು ಮುಂದುವರಿಸಿದ: ಇನ್ನು ಮೇಲೆ ಗುಂಪನ್ನು ತಾನೇ ನಡೆಸುತ್ತೇನೆ, ಮೇಡಂ ಅವರ ಚಾಕುವನ್ನು ಮನೆಯವರು ತನಗೆ ಕೊಟ್ಟರೆ ಅದೇ ಆಶೀರ್ವಾದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಚಾಕು ತಂದೆ. ಒರೆಯಿಂದ ತೆಗೆದು, ಹಿಡಿಯನ್ನು ಅವನ ಕಡೆಗೆ ಮಾಡಿ, ಕೈ ಚಾಚಿದೆ.

ಅವನು ನೆಲ ನೋಡಿದ. “ಕೆಳಗಿಡಿ ಮೇಡಂ, ತಗೋತೀನಿ” ಅಂದ.

“ನೀವೇ ಕೇಳಿದ್ರಲ್ಲ. ಕೈಗೇ ತಗೊಳ್ಳಿ” ಅಂದೆ.

ಅಲ್ಲಿದ್ದ ಪ್ರತಿಯೊಬ್ಬರಿಗೂ ನಾನು ಏನು ಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು. ಎಲ್ಲರೆದುರು ತಾನೇ ಕೇಳಿದ್ದನ್ನು ಬೇಡ ಎನ್ನುವಂತಿರಲಿಲ್ಲ. ಅವನು ತೆಗೆದುಕೊಂಡ. ಆಮೇಲೆ ಆ ಗುಂಪಿಗೆ ಅವನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ರಟ್ಟಿನ ಚಿರತೆ ಈಗ ನನ್ನ ಮನೆಯ ಅಟ್ಟದ ಮೇಲಿದೆ. ಯಾರಾದರೂ ಏನಾದರೂ ಕಂಡೆ ಎಂದು ಬಂದರೆ ಇಳಿಸಿಕೊಂಡು ಹೋಗುತ್ತೇನೆ, ಅತ್ತೆಯ ಪ್ರಶ್ನೆಯನ್ನೇ ಕೇಳುತ್ತೇನೆ.

ನನ್ನನ್ನೂ ಅದೇ ಪ್ರಶ್ನೆ ಕೇಳಿಕೊಂಡು ಇಷ್ಟು ಬರೆದಿದ್ದೇನೆ. ಚಾಕು ಹಿಡಿದಾಗ ಅವನ ಕೈ ನಡುಗಿತು. ಅದನ್ನು ಕಂಡಿದ್ದೇನೆ. ಯಾಕೆ ನಡುಗಿತು ಎಂಬುದನ್ನು ಬರೆದರೆ ಅತ್ತೆ ಒಪ್ಪುವುದಿಲ್ಲ.