ಫ್ರಿಜ್ಜಿನಲ್ಲಿ ಚಳಿಗಾಲ

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು ಇವರಿಗೆ ಡಬ್ಬಿ ಕಟ್ಟಿದೆ. ಮಗಳ ಯೂನಿಫಾರ್ಮಿಗೆ ಒಂದು ಗುಂಡಿ ಹೊಲಿದೆ. ಇಡ್ಲಿಗೆ ನೆನೆಹಾಕಿದೆ. ಬಾಲ್ಕನಿಯ ಧೂಳು ಒರೆಸಿದೆ, ಗಾಳಿ ಎದ್ದಿದ್ದರಿಂದ ಅರ್ಧ ಗಂಟೆ ಬಿಟ್ಟು ಮತ್ತೆ ಒರೆಸಿದೆ. ಆಮೇಲೆ ಫ್ರಿಜ್ ಖಾಲಿ ಮಾಡಿ ತೊಳೆಯಲು ಕೂತೆ. ತರಕಾರಿ ಡ್ರಾಯರಿನ ಮೂಲೆಯಲ್ಲಿ ಕೊತ್ತಂಬರಿ ಸೊಪ್ಪು ಸುತ್ತಿಟ್ಟು ಮರೆತಿದ್ದ ಪೇಪರಿನ ಗಂಟು ಸಿಕ್ಕಿತು. ಬಿಚ್ಚಿದೆ. ತಣ್ಣಗಿನ ಒದ್ದೆ ಪೇಪರಿನ ವಾಸನೆ... ಬಟ್ಟೆ ಕೈಯಲ್ಲೇ ಹಿಡಿದು ಸುಮಾರು ಹೊತ್ತು ನೆಲದ ಮೇಲೆ ಕೂತಿದ್ದೆ.

ಅದು ಟೀಚರ್ ಮನೆಯ ಫ್ರಿಜ್ಜಿನ ವಾಸನೆ.

ದುಬೈಯ ಈ ಫ್ಲಾಟಿಗೆ ಬರುವ ಮೊದಲು ನಾವು ಅಬುಧಾಬಿಯಲ್ಲಿದ್ದೆವು. ಇವರು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಒಂದು ವಿಲ್ಲಾವನ್ನು ಮೂರು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂದೆ ನಾವು, ಮೇಲೆ ಒಂದು ಮಲಯಾಳಿ ಕುಟುಂಬ, ಮುಂದೆ ಟೀಚರ್ ಒಬ್ಬರೇ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಮದುವೆಯಾದವರಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ರಜೆಗೆ ಊರಿಗೆ ಹೊರಟರೆ ಮನೆ ಕೀಲಿ ನಮ್ಮ ಕೈಗೇ ಕೊಡುತ್ತಿದ್ದರು. ನಾನು ಹಾಸನದ ಕಡೆಯವಳು. ನನ್ನ ಕನ್ನಡ ಅವರಿಗೆ ತಮಾಷೆ, ಅವರದು ನನಗೆ.

ಕಾಂಪೌಂಡ್ ಗೋಡೆಗೆ ತಾಗಿ, ಬೆಳಗಿನಿಂದ ಸಂಜೆವರೆಗೂ ಬಿಸಿಲು ಬೀಳುವ ಒಂದು ಪಟ್ಟಿ ಮಣ್ಣಿತ್ತು. ಅದರಲ್ಲಿ ವರ್ಷ ವರ್ಷವೂ ಅದೇ ಬುಡದಿಂದ ಚಿಗುರುವ ಗಿಡಗಳನ್ನೇ ಟೀಚರ್ ಹಾಕಿದ್ದರು. ಗೋಡೆಯ ಬದಿಗೆ ರೋಸ್‌ಮೇರಿ, ಅಂಚಿಗೆ ನಿತ್ಯಪುಷ್ಪ, ಜೆರೇನಿಯಂ. ನಡುವಿನ ಮೊಳದಷ್ಟು ಜಾಗ ಮಾತ್ರ ಒಂದೇ ಗಿಡಕ್ಕೆ. ಊರಿಗೆ ವಾಪಸು ಹೊರಟಿದ್ದ ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರು ಕುಂಡದಲ್ಲಿ ಕೊಟ್ಟು ಹೋದದ್ದಂತೆ. ಓರಿಯೆಂಟಲ್ ಪಾಪ್ಪಿ ಅಂತ ಹೆಸರು ಹೇಳಿದ್ದರು. ಪಾಪ್ಪಿ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಎಲೆಯ ಮೇಲೆಲ್ಲ ಒರಟು ಕೂದಲಿತ್ತು, ಮುಟ್ಟಿದರೆ ಬೆಕ್ಕಿನ ನಾಲಗೆ ಮುಟ್ಟಿದ ಹಾಗೆ.

"ಬೇಸಿಗೆ ಬಂದ ಕೂಡ್ಲೇ ಇದು ಎಲೆಯೆಲ್ಲ ಒಣಗಿಸಿ ಮಲಗಿಬಿಡ್ತದೆ. ಸತ್ತದ್ದಲ್ಲ, ಕೆಳಗೆ ಬೇರು ಉಂಟು. ಜಾಗ ಬೋಳು ಕಾಣಬಾರದು ಅಂತ ಸುತ್ತ ಇವನ್ನೆಲ್ಲ ಹಾಕಿದ್ದು," ಎನ್ನುತ್ತಿದ್ದರು.

ಮೇ ತಿಂಗಳಲ್ಲಿ ಪೆನ್ಸಿಲಿನ ದಪ್ಪದ ಆ ಬೇರನ್ನು ನೋಯದ ಹಾಗೆ ತೆಗೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಅಕ್ಟೋಬರ್‌ವರೆಗೂ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿಡುತ್ತಿದ್ದರು.

"ಚಳಿ ತಾಗದಿದ್ರೆ ಮೊಗ್ಗು ಬಿಡುವುದಿಲ್ಲ ಮಾರಾಯ್ತಿ. ಇಲ್ಲಿ ಚಳಿ ಎಲ್ಲಿಂದ ತರುವುದು?"

"ಒಂದಿನ ಮರೆತು ಸಾಂಬಾರಿಗೆ ಹಾಕಿಬಿಡ್ತೀರ ಬಿಡಿ ಟೀಚರ್."

"ಹಾಕಿದ್ರೂ ನಿಮ್ಮ ಮುದ್ದೆಗಿಂತ ರುಚಿ ಇದ್ದೀತು!"

ನಲ್ಲಿ ನೀರು ಅದಕ್ಕೆ ಒಗ್ಗುವುದಿಲ್ಲವೆಂದು ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಬುಡ ಕೊಳೆಯದ ಹಾಗೆ ಒಂದೇ ಚೊಂಬು ಹಾಕುತ್ತಿದ್ದರು. ಮೊದಲ ಚಳಿಗಾಲ ಬರೀ ಎಲೆ. ಎರಡನೆಯದರಲ್ಲೂ ಎಲೆ. ಮೂರನೆಯ ವರ್ಷ ಮಾರ್ಚ್‌ನಲ್ಲಿ, ಕತ್ತು ಬಗ್ಗಿಸಿಕೊಂಡ ಒಂದು ಮೊಗ್ಗು ಬಂತು. ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದು, ಮೈಯೆಲ್ಲ ಕೂದಲು. ಟೀಚರ್ ಮೇಲಿನ ಮನೆಯವರನ್ನೂ ಕರೆದು ತೋರಿಸಿದರು. ಆ ಜೂನ್‌ಗೆ ಅವರ ಕೆಲಸ ಮುಗಿಯುವುದಿತ್ತು, ವೀಸಾ ಕೂಡ. ಇನ್ನೊಂದು ಚಳಿಗಾಲ ಇಲ್ಲಿ ಅವರಿಗಿರಲಿಲ್ಲ.

ಅಷ್ಟರಲ್ಲೇ ಟೀಚರ್ ಅಣ್ಣನ ಮಗಳ ಮದುವೆ ಬಂತು. ಹತ್ತು ದಿನಕ್ಕೆ ಹೊರಟರು. "ಒಂದು ಚೊಂಬು ಮಾತ್ರ ಹಾಂ. ಅರಳಿದ ಕೂಡ್ಲೇ ವಿಡಿಯೋ ಕಾಲ್ ಮಾಡ್ಬೇಕು. ಇಗರ್ಜಿಯೊಳಗೆ ಇದ್ರೂ ತೆಗೀತೇನೆ," ಎಂದು ಕೀಲಿ ಕೊಟ್ಟರು.

ಮೂರನೆಯ ದಿನ ನೀರು ಹಾಕುವಾಗ ಮಗಳು ಗಿಡದ ಹೆಸರು ಹೇಳುವ ಆ್ಯಪ್ ತೆರೆದು ಫೋನನ್ನು ಮೊಗ್ಗಿನ ಮುಂದೆ ಹಿಡಿದಳು. "ಇಟ್ಸ್ ಅ ಪಾಪ್ಪಿ, ಅಮ್ಮ. ಪಾಪ್ಪಿ ಸೀಡ್ಸ್ ಇಲ್ವಾ, ಸೇಮ್ ಫ್ಯಾಮಿಲಿ."

"ಪಾಪ್ಪಿ ಸೀಡ್ಸ್ ಅಂದ್ರೆ ಏನೇ?"

ಅವಳು ಏನೋ ಒತ್ತಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಕನ್ನಡದಲ್ಲೇ ಬರೆದಿತ್ತು, ಗಸಗಸೆ.

ಈ ದೇಶದಲ್ಲಿರುವ ನಮ್ಮವರಿಗೆ ಆ ಪದ ಕೇಳಿದರೆ ಏನಾಗುತ್ತದೆಂದು ಊರಿನವರಿಗೆ ತಿಳಿಯುವುದು ಕಷ್ಟ. ಅಫೀಮಿನ ಗಿಡದ ಬೀಜವೆಂದು ಇಲ್ಲಿ ಅದು ನಿಷಿದ್ಧ. ಪಾಯಸಕ್ಕೆಂದು ಒಂದು ಚಿಟಿಕೆ ತಂದರೂ ತಪ್ಪೇ. ನಾನು ಮೊದಲ ಸಲ ಬರುವಾಗ ಇವರು ಮೂರು ಸಲ ಫೋನ್ ಮಾಡಿ, ಹುರಿದ ಮಸಾಲೆ ಪುಡಿಗೂ ಅತ್ತೆ ಗಸಗಸೆ ಹಾಕಿಲ್ಲ ತಾನೇ ಎಂದು ಕೇಳಿದ್ದರು. ಯಾರದೋ ಬ್ಯಾಗಿನಲ್ಲಿ ಸಿಕ್ಕಿತಂತೆ, ಅವರು ಏನಾದರೋ ಗೊತ್ತಿಲ್ಲವಂತೆ ಎಂಬ ಮಾತು ಎಲ್ಲ ಮನೆಗಳಲ್ಲೂ ಓಡಾಡುತ್ತಿತ್ತು. ನಾನು ಅದರ ಬುಡಕ್ಕೆ ದಿನಾ ನೀರು ಹಾಕುತ್ತಿದ್ದೆ.

ಸಂಜೆ ಇವರಿಗೆ ಹೇಳಿದೆ. ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಅದು ಟೀಚರ್ ಗಿಡ ರೀ," ಎಂದೆ.

"ಟೀಚರ್ ಮಂಗಳೂರಲ್ಲಿ ಮದುವೆ ಊಟ ಮಾಡ್ತಿದಾರೆ. ಇಲ್ಲಿರೋದು ನಾವು. ಯಾರಾದ್ರೂ ನೋಡಿ ಹೇಳಿದ್ರೆ ಮೊದಲು ಬರೋದು ನನ್ನ ಹತ್ರ."

"ಒಂದು ಫೋನ್ ಮಾಡಿ ಕೇಳ್ಲಾ?"

"ಫೋನಲ್ಲಿ ಇಂಥದ್ದು ಮಾತಾಡ್ತಾರೇನೇ? ಖಲಾಸ್. ಕಿತ್ತು ಬಿಸಾಕು."

ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಗೆ ಎಲ್ಲರೂ ಹೋಗಿ ಬೀದಿ ಖಾಲಿಯಾದಾಗ ಕಿತ್ತೆ. ಎರಡು ಕೈಯಲ್ಲಿ ಹಿಡಿದು ತಿರುಚಿ ಎಳೆಯಬೇಕಾಯಿತು, ಅಷ್ಟು ಆಳಕ್ಕೆ ಇಳಿದಿತ್ತು. ಹಾಲು ಬೆರಳಿಗೆಲ್ಲ ಅಂಟಿತು. ಮೊಗ್ಗಿನ ಹೊರಸಿಪ್ಪೆ ಬಿರಿದು ಒಳಗಿನ ಕೆಂಪು ಒಂದೆಳೆ ಕಾಣುತ್ತಿತ್ತು. ನಾಳೆಯೋ ನಾಡಿದ್ದೋ... ಕಪ್ಪು ಚೀಲದಲ್ಲಿ ಕಟ್ಟಿ ಎರಡು ಬೀದಿ ಆಚೆಯ ಕಸದ ಡಬ್ಬಿಗೆ ಹಾಕಿ ಬಂದು, ಮೂರು ಸಲ ಕೈ ತೊಳೆದೆ.

ಮಾರನೆಯ ದಿನ ಟೀಚರೇ ಕಾಲ್ ಮಾಡಿದರು. ಹಿಂದೆ ಬ್ಯಾಂಡಿನ ಸದ್ದು, ಅವರು ಮಲ್ಲಿಗೆ ಮುಡಿದಿದ್ದರು. "ಅರಳಿತಾ?"

"ಬಿಸಿಲು ಒಂದೇ ಸಲ ಜಾಸ್ತಿ ಆಗೋಯ್ತು ಟೀಚರ್. ಎಲೆ ಒಣಗಿ ಮಲಗಿಬಿಡ್ತು."

"ಇರ್ಲಿ. ಬೇರು ಉಂಟಲ್ಲ," ಎಂದರು.

ಕಿತ್ತುಹಾಕು ಎಂದದ್ದು ಇವರು. ಸುಳ್ಳು ಹೇಳು ಎಂದು ಇವರು ಹೇಳಿರಲಿಲ್ಲ. ಅದು ನನ್ನದೇ.

ವಾಪಸು ಬಂದ ಟೀಚರ್ ಖಾಲಿ ಜಾಗಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿದರು. ದಿನಾ ಸಂಜೆ ಅರ್ಧ ಚೊಂಬು ನೀರು ಹಾಕುತ್ತಿದ್ದರು. ಬೇರು ಒಣಗಬಾರದಲ್ಲ ಎನ್ನುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅದು ನನಗೆ ಕಾಣುತ್ತಿತ್ತು. ಇವತ್ತು ಹೇಳೋಣ ಎಂದುಕೊಳ್ಳುತ್ತಿದ್ದೆ, ಅನ್ನ ಬಸಿಯುತ್ತಿದ್ದೆ... ದಿನ ಹೋಗುತ್ತಿತ್ತು.

ಮೇ ಕೊನೆಯಲ್ಲಿ ಸಾಮಾನು ಕಟ್ಟುವಾಗ ನನ್ನನ್ನು ಕರೆದರು. ಬೇರು ಊರಿಗೆ ಒಯ್ಯುತ್ತಾರಂತೆ. "ಫ್ರಿಜ್ ಅಲ್ಲಿಯೂ ಉಂಟಲ್ಲ," ಎಂದು ನಕ್ಕು, ಒದ್ದೆ ಮಾಡಿದ ಪೇಪರನ್ನು ನನ್ನ ಕೈಗೆ ಕೊಟ್ಟು ಮಂಡಿಯೂರಿ ಕೂತರು. ಬೆರಳಲ್ಲೇ ಮಣ್ಣು ಬಿಡಿಸುತ್ತಾ ಹೋದರು. ಮೊಣಕೈವರೆಗೂ ಗುಂಡಿಯಾಯಿತು. ಕೊನೆಗೆ ಬೆರಳುದ್ದದ ಕಪ್ಪಗಾದ ಒಂದು ತುಂಡು ಸಿಕ್ಕಿತು. ಅದರ ತುದಿ ತಿರುಚಿ ಹರಿದಿತ್ತು. ಅದನ್ನು ಅಂಗೈಯಲ್ಲಿಟ್ಟು ಮಕ್ಕಳ ಉತ್ತರ ಪತ್ರಿಕೆ ನೋಡುವ ಹಾಗೆ ನೋಡಿದರು.

"ಒಣಗಿದ ಬೇರು ಹೀಗೆ ತುಂಡಾಗುವುದಿಲ್ಲ," ಎಂದರು. "ಯಾರು ಎಳೆದದ್ದು?"

"ನಾನೇ ಟೀಚರ್. ಗಸಗಸೆ ಅಂತ... ಇವರ ಕೆಲಸ, ವೀಸಾ... ಹೆದರಿಕೆ ಆಯ್ತು."

"ಇದು ಗಸಗಸೆ ಅಲ್ಲ. ಅದು ಒಂದು ವರ್ಷಕ್ಕೆ ಮುಗೀತದೆ, ಇದು ತಿರುಗಿ ಬರ್ತದೆ. ಎರಡೂ ಬೇರೆ ಜಾತಿ." ಕೈಯ ಮಣ್ಣು ಉಜ್ಜಿಕೊಂಡರು. "ಹೋಗ್ಲಿ, ಹೆದರಿಕೆ ಆಯ್ತು ಅಂತ ಒಂದು ಮಾತು ಹೇಳಿದ್ರೆ ನಾನೇ ತೆಗೀತಿದ್ದೆ ಮಾರಾಯ್ತಿ. ಹೂವು ಎಂತ ದೊಡ್ಡದು? ಎರಡು ತಿಂಗಳು ಖಾಲಿ ಮಣ್ಣಿಗೆ ನೀರು ಹಾಕಿದೆ. ನೀವು ನೋಡ್ತಿದ್ರಿ."

ಇಲ್ಲಿಯ ಕಾನೂನಿಗೆ ಆ ಎರಡು ಗಿಡವೂ ಒಂದೆಯೋ ಬೇರೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೇ ಆಗಿದ್ದರೂ ಅವರ ಕೊನೆಯ ಮಾತು ಬದಲಾಗುವುದಿಲ್ಲ. ಆವತ್ತು ಕೈಯಲ್ಲಿದ್ದ ಒದ್ದೆ ಪೇಪರನ್ನು ಮಡಿಸಿ ಅವರ ಪಕ್ಕ ಇಟ್ಟು ಒಳಗೆ ಬಂದೆ.

ಆಮೇಲೆ ಎದುರು ಸಿಕ್ಕರೆ ನಗುತ್ತಿದ್ದರು, ಮಗಳಿಗೆ ತಮ್ಮ ಪುಸ್ತಕಗಳನ್ನೂ ಕೊಟ್ಟರು. ಆದರೆ ಹೊರಡುವ ದಿನ ಕೀಲಿಯನ್ನು ಮೇಲಿನ ಮನೆಯವರ ಕೈಗೆ ಕೊಟ್ಟು ಹೋದರು. ಇವರಿಗೆ ನಾನು ಆ ಗುಂಡಿಯ ವಿಷಯ ಹೇಳಲೇ ಇಲ್ಲ. ಟೀಚರ್‌ಗೆ ಏನೂ ತಿಳಿಯಲಿಲ್ಲ ಎಂದೇ ಇವರು ನೆಮ್ಮದಿಯಾಗಿದ್ದರು. ಕಳೆದ ಮಳೆಗಾಲ ಟೀಚರ್ ತೀರಿಕೊಂಡರೆಂದು ಮೇಲಿನ ಮನೆಯವರು ಫೋನ್ ಮಾಡಿದಾಗಲೂ ನಾನು ಬಾಯಿ ಬಿಡಲಿಲ್ಲ. ಇನ್ನು ಯಾರ ಹತ್ತಿರ ಕ್ಷಮೆ ಕೇಳುವುದು...

ಇವತ್ತು ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ಅನ್ನ, ಹುರುಳಿಕಟ್ಟಿನ ಸಾರು, ಹೀರೆಕಾಯಿ ಪಲ್ಯ ಮಾಡಿದ್ದೆ. ಇವರು ತುತ್ತು ಕಲೆಸುತ್ತಾ ಕೇಳಿದರು. "ಹೇಳಿದ್ರೆ ನಿಜವಾಗ್ಲೂ ತೆಗೀತಿದ್ರಾ ಅವರು?" ಎಂದರು.

"ತೆಗೀತಿದ್ರು."

ಇವರು ಮಜ್ಜಿಗೆ ಬೇಡವೆಂದು ಎದ್ದರು. ಮಗಳು ಇನ್ನೂ ಓದುತ್ತಿದ್ದಳು, ನಾನು ಪಾತ್ರೆ ತೊಳೆಯುತ್ತಿದ್ದೆ. ಇವರೇ ಮೊದಲು ಮಲಗಿದರು, ಗೋಡೆಯ ಕಡೆ ಮುಖ ಮಾಡಿ. ನಿದ್ದೆ ಬಂದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.