ಅಕ್ಕನ ‘ಹೂಂ’

ರಂಗಮ್ಮ ಅತ್ತರೋ ಇಲ್ಲವೋ, ನನಗೀಗ ಖಾತ್ರಿಯಿಲ್ಲ. ಕೆಂಕೆರೆಯಲ್ಲಿ ಅವರ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಿದ್ದೆ. ಕೊಬ್ಬರಿ ಸುಲಿಯುವ ಹೆಂಗಸರ ಕುರಿತ ನನ್ನ ಸಂಶೋಧನೆಗಾಗಿ ಹಿಂದಿನ ವರ್ಷ ರಂಗಮ್ಮ ಆಡಿ, ನಾನು ಧ್ವನಿಮುದ್ರಿಸಿಕೊಂಡಿದ್ದ ಮಾತನ್ನೆಲ್ಲ ಟೈಪ್ ಮಾಡಿ, ಸಾಫ್ಟ್‌ವೇರಿಗೆ ಹಾಕಿ, ವಿಷಯಕ್ಕೊಂದು ಬಣ್ಣ ಹಚ್ಚಿದ್ದೆ. ದುಡಿಮೆಗೆ ಹಸಿರು, ಕಾಯಿಲೆಗೆ ಕೆಂಪು. ಅವರು ಕೇಳಿದರೆಂದು ಒಂದು ಪುಟ ಓದಿದೆ.

“ಮಾತೆಲ್ಲಾ ನಂದೇ ಕಣಪ್ಪ. ನಮ್ಮಕ್ಕ ಎಲ್ಲವ್ಳೆ ಇದ್ರಲ್ಲಿ? ಪಕ್ಕದಲ್ಲೇ ಕುಂತು ಹೂಂ ಹೂಂ ಅಂತಿದ್ಲಲ್ಲ, ಅದೊಂದ್ ಕೇಳ್ಬೇಕಾಗಿತ್ತು.”

ಅಕ್ಕ ತೀರಿಕೊಂಡು ಆಗ ಮೂರು ತಿಂಗಳು. ಟೈಪ್ ಮಾಡುವಾಗ ಅರ್ಥವಿಲ್ಲದ ಸದ್ದೆಂದು ಆ ‘ಹೂಂ’ಗಳನ್ನು ನಾನೇ ಬಿಟ್ಟಿದ್ದೆನೆ? ಅಥವಾ ಮಾತಾಡಿಸಿದ ದಿನ ಅಕ್ಕ ಅಲ್ಲಿರಲೇ ಇಲ್ಲವೆ? ಅವರ ಮುಖವೂ ನನಗೆ ನೆನಪಾಗಲಿಲ್ಲ. ಸಾಫ್ಟ್‌ವೇರ್ ಬಿಟ್ಟಿರಬೇಕು ಎಂದುಬಿಟ್ಟೆ.

“ಅದ್ಕೇನ್ ಗೊತ್ತಾಯ್ತದೆ ಬುಡು. ನೀನ್ ಎದ್ರಿಗೇ ಕುಂತಿದ್ದೆ, ನಿಂಗೂ ಕೇಳುಸ್ಲಿಲ್ವಾ?” ಎಂದು ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊನ್ನೆ ಮೂಲ ಧ್ವನಿಮುದ್ರಣವನ್ನು ಹುಡುಕಿ ಪೂರ್ತಿ ಕೇಳಿದೆ. ಅದನ್ನು ಹಿಡಿದು ನಾಳೆ ಕೆಂಕೆರೆಗೆ ಹೋಗುತ್ತಿದ್ದೇನೆ. ಅಕ್ಕ ಅದರಲ್ಲಿದ್ದಾರೆ. ರಂಗಮ್ಮ ಮಾತು ನಿಲ್ಲಿಸಿ ಸುಮ್ಮನಾದ ಕಡೆಯಲ್ಲೂ ಅವರದೊಂದು ‘ಹೂಂ’ ಇದೆ.